ಹತ್ತು ರೂಪಾಯಿ ಟಿಕೆಟ್ ವಾಪಸ್ ಬರೋಕೆ ನಾಲ್ಕು ವರ್ಷ

ಬಂಗಾರಪೇಟೆ ಸ್ಟೇಷನ್ನಿನ ರಿಸರ್ವೇಷನ್ ಕೌಂಟರಿನಲ್ಲಿ ಈಚೆಗೆ ನನ್ನ ಮುಂದೆ ಒಬ್ಬರು ತಾತ ನಿಂತಿದ್ದರು. ಬಿಳಿ ಪಂಚೆ, ಕಂಕುಳಲ್ಲಿ ಬಟ್ಟೆ ಚೀಲ. ದೂರದ ಊರಿನ ಮಗಳ ಮನೆಗೆ ಹೊರಟಿದ್ದರು. ಆಧಾರ್ ಕಾರ್ಡನ್ನು ಕಿಂಡಿಯೊಳಗೆ ತೂರಿಸಿ, "ವಯಸ್ಸಾದವರ ರಿಯಾಯಿತಿ ಹಾಕಪ್ಪಾ" ಅಂದರು.

"ಅದಿಲ್ಲ ತಾತ. ಕೊರೊನಾ ಟೈಮಲ್ಲಿ ನಿಲ್ಲಿಸಿದ್ದು."

"ಕೊರೊನಾ ಹೋಯ್ತಲ್ಲಪ್ಪಾ?"

ಕ್ಯೂನಲ್ಲಿದ್ದವರು ನಕ್ಕರು. ತಾತ ನಗಲಿಲ್ಲ. ಅವರಿಗೆ ನಿಜವಾಗಿಯೂ ಉತ್ತರ ಬೇಕಾಗಿತ್ತು.

60 ದಾಟಿದ ಗಂಡಸರಿಗೆ ರೈಲಿನಲ್ಲಿ ಶೇ 40, 58 ದಾಟಿದ ಹೆಂಗಸರಿಗೆ ಶೇ 50 ರಿಯಾಯಿತಿ ಇತ್ತು. 2020ರ ಮಾರ್ಚ್ 20ರಿಂದ ಅದನ್ನು ನಿಲ್ಲಿಸಿದರು. ಆಗ ಕೊಟ್ಟ ಕಾರಣ ಸರಿಯಾಗೇ ಇತ್ತು. ವಯಸ್ಸಾದವರು ಮನೆಯಲ್ಲಿರಲಿ, ಸುಮ್ನೆ ಓಡಾಡುವುದು ಬೇಡ. ಆಮೇಲೆ ಮಾಸ್ಕ್ ಹೋಯಿತು. ದೂರ ನಿಲ್ಲಲಿ ಅಂತ ನೆಲದ ಮೇಲೆ ಬಳಿದಿದ್ದ ಬಿಳಿ ವೃತ್ತಗಳು ಕಾಲಿನಡಿ ಸವೆದುಹೋದವು. ರಿಯಾಯಿತಿ ಮಾತ್ರ 2025ರಲ್ಲೂ ಬಂದಿರಲಿಲ್ಲ. ಈಗ ಕೇಳಿದರೆ ಸಿಗುವ ಉತ್ತರವೇ ಬೇರೆ: ರೈಲ್ವೆ ಎಲ್ಲ ಪ್ರಯಾಣಿಕರ ಟಿಕೆಟ್ಟಿನಲ್ಲೂ ಆಗಲೇ ಸಬ್ಸಿಡಿ ಕೊಡುತ್ತಿದೆಯಂತೆ. ನಿಲ್ಲಿಸಿದ್ದು ರೋಗಕ್ಕೆ, ವಾಪಸ್ ಕೊಡದೆ ಇರುವುದು ಖರ್ಚಿಗೆ. ನಡುವೆ ಯಾವತ್ತು ಕಾರಣ ಬದಲಾಯಿತು ಅಂತ ಯಾರೂ ನಮಗೆ ಹೇಳಲಿಲ್ಲ.

ಮುಚ್ಚಿದ ದಿನ ಎಲ್ಲರಿಗೂ ನೆನಪಿದೆ. ಮಾರ್ಚ್ 22ರ ಭಾನುವಾರ ಜನತಾ ಕರ್ಫ್ಯೂ, ಸಂಜೆ ತಟ್ಟೆ ಬಡಿದಿದ್ದು. 24ರ ರಾತ್ರಿ 8 ಗಂಟೆಗೆ ಪ್ರಧಾನಿ ಭಾಷಣ, ನಡುರಾತ್ರಿಯಿಂದ ದೇಶಕ್ಕೇ ಬೀಗ. ಕೋಲಾರ ಜಿಲ್ಲೆಯಲ್ಲಿ ಆಗ ಒಂದೂ ಕೇಸ್ ಇರಲಿಲ್ಲ. ಮೇ ಎರಡನೇ ವಾರದವರೆಗೂ ಇರಲಿಲ್ಲ. ಆದರೂ ನಾವೂ ಬಾಗಿಲು ಹಾಕಿಕೊಂಡು ಕೂತೆವು. ಮರುವರ್ಷ ಎರಡನೇ ಅಲೆಯಲ್ಲೂ ಹಾಗೇ. ಏಪ್ರಿಲ್ 27ಕ್ಕೆ ಕರ್ಫ್ಯೂ, ಮೇ 10ಕ್ಕೆ ಇನ್ನೂ ಬಿಗಿ, ಸಾಮಾನು ತರೋಕೆ ಬೆಳಗ್ಗೆ 6ರಿಂದ 10.

ತೆರೆದ ದಿನ ಯಾವುದು ಅಂತ ಕೇಳಿ ನೋಡಿ. ಒಬ್ಬೊಬ್ಬರದು ಒಂದೊಂದು ಉತ್ತರ. ವಿಶ್ವ ಆರೋಗ್ಯ ಸಂಸ್ಥೆ ಇನ್ನು ಇದು ಜಾಗತಿಕ ತುರ್ತು ಪರಿಸ್ಥಿತಿಯಲ್ಲ ಅಂತ ಘೋಷಿಸಿದ್ದು 2023ರ ಮೇ 5ರಂದು. ಅವತ್ತು ನಮ್ಮ ಕಡೆ ಅದು ಸುದ್ದಿಯೇ ಆಗಲಿಲ್ಲ. ವಿಧಾನಸಭೆ ಚುನಾವಣೆಗೆ ಐದೇ ದಿನ ಬಾಕಿ, ಬೀದಿ ತುಂಬ ಮೈಕು.

ಮುಚ್ಚುವಾಗ ಎಲ್ಲರಿಗೂ ಒಂದೇ ರಾತ್ರಿ ಮುಚ್ಚಿದರು. ತೆರೆಯುವಾಗ ಮಾತ್ರ ಕ್ಯೂ ಹಚ್ಚಿದರು. "ಮಾಮೂಲು ಜೀವನಕ್ಕೆ ಮರಳಿದೆವು" ಅನ್ನುವವರು ಆ ಕ್ಯೂನಲ್ಲಿ ಮುಂದೆ ಇದ್ದವರು. ಹಿಂದೆ ಯಾರಿದ್ದರು, ಅವರಿಗೆ ಏನು ಎಷ್ಟು ತಡವಾಗಿ ಸಿಕ್ಕಿತು, ಏನು ಸಿಗಲೇ ಇಲ್ಲ ಅನ್ನೋದನ್ನು ನೋಡೋಕೆ ನಮ್ಮ ಲೋಕಲ್ ರೈಲಿಗಿಂತ ಒಳ್ಳೆ ಜಾಗ ಇಲ್ಲ.

ಈ ಗಾಡಿಯ ಕತೆ ಗಣಿಯಿಂದ ಶುರುವಾಗುತ್ತದೆ. ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ಕ್ಕೆ. ಆಮೇಲೆ ಆ ಊರಿನ ಹೊಟ್ಟೆಪಾಡು ಬೆಂಗಳೂರಿಗೆ ಸಾಗಿತು. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ಕಡೆಯ ಜನ ಕತ್ತಲಲ್ಲೇ ಎದ್ದು ಗಾಡಿ ಹಿಡಿದು, ಬಂಗಾರಪೇಟೆ, ಟೇಕಲ್, ಮಾಲೂರು ದಾಟಿ ವೈಟ್‌ಫೀಲ್ಡ್, ಕೆ.ಆರ್.ಪುರಂ, ಕಂಟೋನ್ಮೆಂಟ್‌ನಲ್ಲಿ ಇಳಿಯುತ್ತಾರೆ. ಸೆಕ್ಯೂರಿಟಿ ಗಾರ್ಡ್, ಗಾರ್ಮೆಂಟ್ಸ್ ಹೆಂಗಸರು, ಆಸ್ಪತ್ರೆ ಆಯಾ, ಮಾಲ್‌ನಲ್ಲಿ ನೆಲ ಒರೆಸುವವರು, ಪೇಂಟರ್, ಕಾಲೇಜು ಹುಡುಗರು. ರಾತ್ರಿ ಅದೇ ಗಾಡಿಯಲ್ಲಿ ನಿದ್ದೆ ಮಾಡುತ್ತಾ ವಾಪಸ್. ಮುಚ್ಚಿದ್ದು ಮತ್ತೆ ತೆರೆಯದೇ ಹೋಗಬಹುದು ಅನ್ನೋದನ್ನು ಇವರಿಗೆ ಯಾರೂ ಕಲಿಸಬೇಕಾಗಿಲ್ಲ. ಎರಡನೇ ಅಲೆಯಲ್ಲಿ ಹಾಸಿಗೆ ಸಾಲದೆ, ಬೀಗ ಬಿದ್ದಿದ್ದ ಗಣಿ ಕಂಪನಿಯ ಹಳೇ ಬಿಜಿಎಂಎಲ್ ಆಸ್ಪತ್ರೆಯನ್ನೇ ಗುಡಿಸಿ ತೊಳೆದು ರೋಗಿಗಳಿಗೆ ಸಿದ್ಧ ಮಾಡಿದ್ದನ್ನೂ ಇದೇ ಜನ ನೋಡಿದ್ದಾರೆ.

2020ರ ಮಾರ್ಚ್‌ನಲ್ಲಿ ಪ್ಯಾಸೆಂಜರ್ ರೈಲುಗಳೆಲ್ಲ ನಿಂತವು. ಬೆಂಗಳೂರಿನ ಮೆಟ್ರೊ ಆ ವರ್ಷ ಸೆಪ್ಟೆಂಬರ್ 7ಕ್ಕೇ ಮತ್ತೆ ಓಡಿತು. ನಮ್ಮ ಲೋಕಲ್‌ಗಳು ಬಂದಿದ್ದು ಅದಕ್ಕಿಂತ ತಡವಾಗಿ, ಒಂದೊಂದಾಗಿ, ಅದೂ "ಸ್ಪೆಷಲ್" ಅನ್ನುವ ಹೆಸರಲ್ಲಿ. ಗಾಡಿ ಅದೇ, ಬೋಗಿ ಅದೇ, ನಿಲ್ಲುವ ಸ್ಟೇಷನ್ನೂ ಅದೇ. ನಂಬರಿನ ಮೊದಲ ಅಂಕಿ ಸೊನ್ನೆಯಾಯಿತು, ಕನಿಷ್ಠ ಟಿಕೆಟ್ 10 ರೂಪಾಯಿಯಿಂದ 30ಕ್ಕೆ ಏರಿತು. ತಿಂಗಳ ಪಾಸ್ ಮೊದಮೊದಲು ನಡೆಯುತ್ತಿರಲಿಲ್ಲ.

ಯಾಕೆ 30? 2021ರ ಫೆಬ್ರುವರಿಯಲ್ಲಿ ರೈಲ್ವೆ ಸಚಿವಾಲಯವೇ ವಿವರಣೆ ಕೊಟ್ಟಿತ್ತು. ಅಗತ್ಯ ಇಲ್ಲದ ಪ್ರಯಾಣ ಕಡಿಮೆಯಾಗಲಿ, ನೂಕುನುಗ್ಗಲು ಬೇಡ ಅಂತ ದರ ಸ್ವಲ್ಪ ಜಾಸ್ತಿ ಇಟ್ಟಿದ್ದೇವೆ ಅಂತ. ಕೇಳೋಕೆ ಚೆನ್ನಾಗಿದೆ. ಆದರೆ ಇಪ್ಪತ್ತು ರೂಪಾಯಿ ಜಾಸ್ತಿ ಆಯಿತು ಅಂತ ಯೋಚಿಸುವವರು ಯಾರು? ಸುಮ್ನೆ ತಿರುಗಾಡೋಕೆ ಹೊರಟವರಲ್ಲ. ದಿನಾ ಹೋಗಲೇಬೇಕಾದವರು. ಟೇಕಲ್‌ನಿಂದ ಮಾಲೂರಿಗೆ ಸೊಪ್ಪಿನ ಗಂಟು ಹೊತ್ತು ಹೋಗುವ ಒಬ್ಬ ಅಕ್ಕನ ಲೆಕ್ಕ ಹಾಕಿ. ಮೊದಲು ಹೋಗಿ ಬರೋಕೆ 20 ರೂಪಾಯಿ, ಆಮೇಲೆ 60. ತಿಂಗಳಿಗೆ 25 ದಿನ ಅಂದರೆ 500 ಇದ್ದದ್ದು 1,500. 2021-22ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 289 ರೂಪಾಯಿ. ಜಾಸ್ತಿಯಾದ ಸಾವಿರಕ್ಕೇ ಮೂರೂವರೆ ದಿನದ ಕೂಲಿ ಹೋಯಿತು, ಅಲ್ವಾ?

2021ರ ನವೆಂಬರ್‌ನಲ್ಲಿ ಎಕ್ಸ್‌ಪ್ರೆಸ್ ರೈಲುಗಳ "ಸ್ಪೆಷಲ್" ಹಣೆಪಟ್ಟಿ ತೆಗೆಯಿರಿ ಅಂತ ಆದೇಶ ಬಂತು. ದೂರ ಹೋಗುವವರಿಗೆ ಅವತ್ತು ಮಾಮೂಲು ವಾಪಸ್ ಬಂತು. ಪ್ಯಾಸೆಂಜರ್ ಗಾಡಿಯವರ 30 ರೂಪಾಯಿ ಹಾಗೇ ಉಳಿಯಿತು. ಅದು ಮತ್ತೆ 10 ಆಗಿದ್ದು 2024ರ ಫೆಬ್ರುವರಿ ಕೊನೆಯಲ್ಲಿ. ರೈಲು ನಿಂತು ಅಷ್ಟು ಹೊತ್ತಿಗೆ ಹತ್ತಿರ ಹತ್ತಿರ ನಾಲ್ಕು ವರ್ಷ. ಲೋಕಸಭೆ ಚುನಾವಣೆ ಎದುರಿಗಿತ್ತು ಅಂತ ಪ್ಲಾಟ್‌ಫಾರಂನಲ್ಲಿ ಜನ ಕಣ್ಣು ಮಿಟುಕಿಸಿದರು. ನಾನು ಇಲ್ಲ ಅನ್ನಲಾರೆ, ಹೌದು ಅನ್ನೋಕೆ ನನ್ನ ಹತ್ತಿರ ಸಾಕ್ಷಿಯೂ ಇಲ್ಲ.

ಜನ ಅಷ್ಟು ದಿನ ಕಾಯುತ್ತಾ ಕೂತಿರಲಿಲ್ಲ. ನಮ್ಮ ಬೀದಿಯ ಹುಡುಗರು ಸಾಲ ಮಾಡಿ ಬೈಕ್ ತಗೊಂಡರು. ಕೆಲವರು ಬೆಂಗಳೂರಿನಲ್ಲೇ ಐದಾರು ಜನ ಸೇರಿ ರೂಮು ಮಾಡಿದರು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ಸರ್ಕಾರಿ ಬಸ್ಸಿಗೆ ಬಂದರು, ಟಿಕೆಟ್ಟೇ ಇಲ್ಲವಲ್ಲ. ಗಂಡ ರೈಲಿಗೆ, ಹೆಂಡತಿ ಬಸ್ಸಿಗೆ. ಅದೇ ವರ್ಷ ಅಕ್ಟೋಬರ್ 9ಕ್ಕೆ ಕೆ.ಆರ್.ಪುರಂ–ಬೈಯಪ್ಪನಹಳ್ಳಿ ತುಂಡು ಸೇರಿ ವೈಟ್‌ಫೀಲ್ಡ್ ಮೆಟ್ರೊ ಪೂರ್ತಿಯಾಯಿತು. ವೈಟ್‌ಫೀಲ್ಡ್‌ನಲ್ಲಿ ಲೋಕಲ್ ಇಳಿದು ಮೆಟ್ರೊ ಹತ್ತಿದರೆ ಎಂ.ಜಿ.ರೋಡಿನವರೆಗೆ ಬೆವರಿಲ್ಲದೆ ಹೋಗಬಹುದು. 2019ರಲ್ಲಿ ಇದ್ದ ಓಡಾಟಕ್ಕೇ ಮರಳಿದೆವು ಅನ್ನೋದು ಹಾಗಾಗಿ ಅಷ್ಟು ನಿಜವಲ್ಲ. ಕೆಲವು ಕಡೆ ಈಗಿನದೇ ವಾಸಿ. ಹತ್ತು ರೂಪಾಯಿ ಟಿಕೆಟ್ ವಾಪಸ್ ಬಂದಾಗ ಅದಕ್ಕೆ ಕಾದಿದ್ದವರಲ್ಲಿ ಎಷ್ಟೋ ಜನ ಬೇರೆ ದಾರಿ ಹಿಡಿದಾಗಿತ್ತು, ಅಷ್ಟೇ.

ಟೊಮೆಟೊ ಬಗ್ಗೆ ಹೇಳದೆ ಕೋಲಾರದ ಮಾತು ಮುಗಿಯಲ್ಲ, ಆದರೆ ಇಲ್ಲಿ ಚಿಕ್ಕದಾಗೇ ಹೇಳುತ್ತೇನೆ. ಕೆಲಸ ಕಳೆದುಕೊಂಡು ಊರಿಗೆ ಬಂದವರಿಗೆ ಒಂದು ಅದೃಷ್ಟ ಇತ್ತು, ನೀರು. 2018ರ ಜೂನ್‌ನಿಂದ ಕೆ.ಸಿ.ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿತ್ತು. 2021ರ ನವೆಂಬರ್ ಮಳೆಗೆ ಕೆರೆಗಳು ಕೋಡಿ ಹರಿದವು. ಬೋರ್‌ವೆಲ್‌ಗಳಿಗೆ ಜೀವ ಬಂತು. ಬಾಡಿಗೆ ಕಾರು ಓಡಿಸುತ್ತಿದ್ದವನು, ಕೊರಿಯರ್ ಕಂಪನಿಯಲ್ಲಿದ್ದವನು ತೋಟಕ್ಕಿಳಿದರು. ಬೆಲೆ ಮಾತ್ರ ಯಾವತ್ತಿನ ಹಾಗೆ ಜೂಜು. 2021ರ ಮೇನಲ್ಲಿ ಕೊಳ್ಳುವವರಿಲ್ಲದೆ ರೈತರು ಟೊಮೆಟೊ ರಸ್ತೆಗೆ ಸುರಿದರು. 2023ರ ಜುಲೈನಲ್ಲಿ ಅದೇ ಕೋಲಾರದ ಮಂಡಿಯಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತು. ಮೊದಲನೆಯದರಲ್ಲಿ ಕೈಸುಟ್ಟುಕೊಂಡು ಬೆಂಗಳೂರಿಗೆ ವಾಪಸ್ ಹೋದವರು ಎರಡನೆಯದನ್ನು ಮೊಬೈಲಿನಲ್ಲಿ ನೋಡಿ ಕೈ ಹಿಸುಕಿಕೊಂಡರು.

ಶಾಲೆ ತೆರೆಯುವ ಕ್ಯೂನಲ್ಲಿ ಹಿಂದೆ ನಿಂತಿದ್ದವರು ಯಾರು ಅಂದರೆ ಚಿಕ್ಕ ಕ್ಲಾಸಿನ ಮಕ್ಕಳು. ಇದು ನನ್ನ ಅಭಿಪ್ರಾಯ ಅಲ್ಲ, ದಿನಾಂಕಗಳೇ ಹೇಳುತ್ತವೆ. ಶಾಲೆಗಳು ಮುಚ್ಚಿದ್ದು 2020ರ ಮಾರ್ಚ್ ಮಧ್ಯದಲ್ಲಿ. ಹತ್ತನೇ ಕ್ಲಾಸಿನವರಿಗೆ 2021ರ ಜನವರಿ 1ಕ್ಕೆ ಬಾಗಿಲು ತೆರೆಯಿತು. ಎರಡನೇ ಅಲೆ ಬಂದು ಮತ್ತೆ ಮುಚ್ಚಿತು. ಆಮೇಲೆ ದೊಡ್ಡ ಮಕ್ಕಳಿಗೆ ಆಗಸ್ಟ್ 23, ಆರರಿಂದ ಎಂಟಕ್ಕೆ ಸೆಪ್ಟೆಂಬರ್ 6. ಒಂದರಿಂದ ಐದನೇ ಕ್ಲಾಸಿಗೆ ಅಕ್ಟೋಬರ್ 25. ಲೆಕ್ಕ ಹಾಕಿದರೆ ಹತ್ತೊಂಬತ್ತು ತಿಂಗಳು. ಅಷ್ಟರೊಳಗೆ ಬಾರ್, ಮಾಲ್, ಸಿನಿಮಾ ಟಾಕೀಸ್ ಎಲ್ಲ ತೆರೆದಿದ್ದವು.

2020ರ ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಹೆಸರು ಬರೆಸಿದ ಮಗು ತರಗತಿಯ ಒಳಗೆ ಮೊದಲ ಸಲ ಕೂತಾಗ ಅದು ಎರಡನೇ ಕ್ಲಾಸಿನ ಮಗು. ಅಕ್ಷರ ತಿದ್ದುವ ವರ್ಷವೇ ಮಾಯ. ನಡುವೆ ಏನೂ ನಡೆಯಲಿಲ್ಲ ಅಂತಲ್ಲ. 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಶುರುವಾಗಿತ್ತು. ಮೇಷ್ಟ್ರು ಊರಿಗೇ ಬಂದು ದೇವಸ್ಥಾನದ ಜಗಲಿ ಮೇಲೆ, ಮರದ ಕೆಳಗೆ ಪಾಠ ಹೇಳಿದರು. ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಚಂದನ ಟಿವಿಯಲ್ಲಿ ಪಾಠ ಬಂತು, ಮುಖ್ಯವಾಗಿ ದೊಡ್ಡ ಮಕ್ಕಳಿಗೆ. ಮೊಬೈಲ್ ಪಾಠ ಅಪ್ಪ ಕೆಲಸಕ್ಕೆ ಹೋಗದ ದಿನ ಮಾತ್ರ, ಯಾಕೆಂದರೆ ಮನೆಯಲ್ಲಿ ಇದ್ದದ್ದೇ ಒಂದು ಮೊಬೈಲ್.

ನಮ್ಮ ಜಿಲ್ಲೆಯಲ್ಲಿ ಇದರ ಪೆಟ್ಟು ಸ್ವಲ್ಪ ಜೋರಾಗೇ ಬಿತ್ತು ಅಂತ ನನಗೆ ಅನ್ನಿಸುತ್ತದೆ. ಗಡಿ ಜಿಲ್ಲೆ ಇದು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಮಾತು ತೆಲುಗು. ಕೆಜಿಎಫ್‌ನಲ್ಲಿ ತಮಿಳು. ಎಷ್ಟೋ ಬೀದಿಗಳಲ್ಲಿ ಉರ್ದು. ಇಂಥ ಮನೆಯ ಮಗುವಿಗೆ ಕನ್ನಡ ಪುಸ್ತಕ ಸಿಗೋದು, ಕನ್ನಡ ಓದಿ ಹೇಳುವವರು ಸಿಗೋದು ಶಾಲೆಯಲ್ಲಿ ಮಾತ್ರ. ಮೈಸೂರು ಕಡೆಯ ಮಗು ಮನೆಯಲ್ಲಿ ಕೂತಿದ್ದರೂ ಕಿವಿಗೆ ಕನ್ನಡ ಬೀಳುತ್ತಿತ್ತು. ಇಲ್ಲಿ ಶಾಲೆ ಮುಚ್ಚಿದಾಗ ಭಾಷೆಯ ಬಾಗಿಲೇ ಮುಚ್ಚಿತು.

ದೇಶದ ಮಟ್ಟದಲ್ಲಿ ಅಸರ್ ಸಮೀಕ್ಷೆ ಇದನ್ನು ಅಳೆದಿದೆ. ಮೂರನೇ ಕ್ಲಾಸಿನಲ್ಲಿದ್ದು ಎರಡನೇ ಕ್ಲಾಸಿನ ಪಾಠ ಓದಬಲ್ಲ ಗ್ರಾಮೀಣ ಮಕ್ಕಳು 2018ರಲ್ಲಿ ಶೇ 27.3 ಇದ್ದರು, 2022ರಲ್ಲಿ ಶೇ 20.5ಕ್ಕೆ ಇಳಿದರು. ರಾಜ್ಯ ಸರ್ಕಾರ 2022-23ಕ್ಕೆ ಕಲಿಕಾ ಚೇತರಿಕೆ ಅಂತ ಇಡೀ ವರ್ಷದ ಕಾರ್ಯಕ್ರಮ ತಂದಿತು, ಹಿಂದಿನ ಪಾಠಗಳನ್ನು ತುಂಬಿಕೊಡೋಕೆ. ಒಳ್ಳೆಯ ಯೋಚನೆಯೇ. ಆದರೆ ಒಂದು ವರ್ಷಕ್ಕೆ ಚೇತರಿಸಿಕೊಳ್ಳುತ್ತಾರೆ ಅಂತ ಲೆಕ್ಕ ಹಾಕಿದವರು ಯಾರೋ, ಅವರು ಮಕ್ಕಳಿಗೆ ಅಕ್ಷರ ಕಲಿಸಿದವರಂತೂ ಇರಲಾರರು.

ಪರೀಕ್ಷೆಯ ಅಂಕಿಗಳು ಇನ್ನೊಂದು ಗೊಂದಲ. 2021ರಲ್ಲಿ ಎಸ್ಸೆಸ್ಸೆಲ್ಸಿ ಎರಡೇ ದಿನ ನಡೆಯಿತು, ಜುಲೈ 19 ಮತ್ತು 22, ಟಿಕ್ ಹಾಕುವ ಪ್ರಶ್ನೆಗಳು, ಹೆಚ್ಚುಕಮ್ಮಿ ಎಲ್ಲರೂ ಪಾಸು. 2023ರಲ್ಲಿ ಶೇ 83.89. 2024ರಲ್ಲಿ ಗ್ರೇಸ್ ಅಂಕ ಜಾಸ್ತಿ ಕೊಟ್ಟ ಮೇಲೂ ಶೇ 73.40. ಈ ಕುಸಿತವನ್ನೆಲ್ಲ ಕೊರೊನಾ ತಲೆಗೆ ಕಟ್ಟೋದು ತಪ್ಪು. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ನಕಲಿಗೆ ಕಡಿವಾಣ ಬಿತ್ತು. ಆದರೆ ಆ ಮಕ್ಕಳು ಏಳನೇ ಕ್ಲಾಸನ್ನು ಬಹುಪಾಲು ಮನೆಯಲ್ಲೇ ಕಳೆದವರು ಅನ್ನೋದನ್ನೂ ಮರೆಯಬಾರದು. ಶಾಲೆಯನ್ನೇ ನೋಡದೆ ಒಂದನೇ ಕ್ಲಾಸು ದಾಟಿದ ಮಕ್ಕಳು 2025-26ರಲ್ಲಿ ಆರನೇ ಕ್ಲಾಸಿನವರು. ಅವರು ಹತ್ತನೇ ಕ್ಲಾಸಿಗೆ ಬರೋದು 2029-30ರಲ್ಲಿ. ಅಷ್ಟು ಹೊತ್ತಿಗೆ ಫಲಿತಾಂಶ ಕಡಿಮೆಯಾದರೆ ನಾವು ಮೇಷ್ಟ್ರನ್ನು ಬೈಯುತ್ತೇವೆ, ಮೊಬೈಲನ್ನು ಬೈಯುತ್ತೇವೆ. 2020 ಯಾರಿಗೂ ನೆನಪಿರೋದಿಲ್ಲ.

ಕೆಲಸದ ಗಂಟೆಗಳದ್ದೂ ತಾತನ ರಿಯಾಯಿತಿಯಂಥದ್ದೇ ಕತೆ, ಸ್ವಲ್ಪ ತಿರುಗಿಸಿಕೊಂಡು. 2020ರ ಮೇ 22ಕ್ಕೆ ರಾಜ್ಯ ಸರ್ಕಾರ ಕಾರ್ಖಾನೆಗಳಲ್ಲಿ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ದುಡಿಸಬಹುದು ಅಂತ ಅಧಿಸೂಚನೆ ಹೊರಡಿಸಿತು. ವಿಷಯ ಹೈಕೋರ್ಟಿಗೆ ಹೋಯಿತು. ಜೂನ್‌ನಲ್ಲಿ ಸರ್ಕಾರವೇ ವಾಪಸ್ ತಗೊಂಡಿತು. 2023ರ ಫೆಬ್ರುವರಿಯಲ್ಲಿ ವಿಧಾನಸಭೆ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಒಪ್ಪಿತು. ವಾರಕ್ಕೆ 48 ಗಂಟೆ ಮಿತಿ ಉಳಿಸಿಕೊಂಡು ದಿನಕ್ಕೆ 12 ಗಂಟೆವರೆಗೆ ಕೆಲಸ, ಹೆಂಗಸರಿಗೆ ರಾತ್ರಿ ಪಾಳಿಗೂ ಅವಕಾಶ. ತುರ್ತು ಹೊತ್ತಿನಲ್ಲಿ ನಿಲ್ಲದೇ ಹೋದದ್ದು ಮಾಮೂಲು ಹೊತ್ತಿನಲ್ಲಿ ಪಾಸಾಯಿತು. ನರಸಾಪುರದ ಕಾರ್ಖಾನೆಗಳಿಗೆ ವ್ಯಾನ್ ಹತ್ತುವ ನಮ್ಮೂರ ಹುಡುಗಿಯರಿಗೆ ಇದು ದೂರದ ಸುದ್ದಿಯಲ್ಲ. 2020ರ ಡಿಸೆಂಬರ್ 12ಕ್ಕೆ ಅಲ್ಲೇ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ ಸಂಬಳದ ವಿಷಯಕ್ಕೆ ಗಲಾಟೆಯಾಗಿ ಗಾಜುಗಳು ಪುಡಿಯಾದವು. ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಹೋಗಿರಲಿಲ್ಲ ಅಂತ ಆಮೇಲೆ ಕಂಪನಿಯೇ ಒಪ್ಪಿಕೊಂಡಿತು. ಗಾಜು ಒಡೆದದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಲಾಕ್‌ಡೌನ್ ಮುಗಿದು ಕೆಲಸ ಸಿಕ್ಕರೆ ಸಾಕು ಅಂತ ಬಂದವರು ಆರೇಳು ತಿಂಗಳಲ್ಲಿ ಅಲ್ಲಿಗೆ ಹೇಗೆ ತಲುಪಿದರು ಅನ್ನೋದನ್ನೂ ಕೇಳಬೇಕಿತ್ತು.

ಸತ್ತವರ ಮಾತು ಎತ್ತೋಕೆ ಮನಸ್ಸು ಬರಲ್ಲ. ಆದರೂ ಒಂದು ಕಾಗದದ ಬಗ್ಗೆ ಹೇಳಬೇಕು. ನಮ್ಮ ಬೀದಿಯ ಒಬ್ಬಮ್ಮನ ಗಂಡ 2021ರ ಮೇನಲ್ಲಿ ಮನೆಯಲ್ಲೇ ತೀರಿಕೊಂಡರು. ನಾಲ್ಕು ದಿನ ಜ್ವರ, ಆಮೇಲೆ ಉಸಿರಾಟ. ಟೆಸ್ಟ್ ಮಾಡಿಸಿರಲಿಲ್ಲ. ಆ ವರ್ಷ ಸೆಪ್ಟೆಂಬರ್ ಹೊತ್ತಿಗೆ ನಿಯಮ ಬಂತು: ಪಾಸಿಟಿವ್ ಆಗಿ 30 ದಿನದೊಳಗೆ ಸತ್ತರೆ ಕೋವಿಡ್ ಸಾವು, ಕುಟುಂಬಕ್ಕೆ 50,000 ರೂಪಾಯಿ. ನಮ್ಮ ರಾಜ್ಯ ಬಿಪಿಎಲ್ ಕುಟುಂಬಗಳಿಗೆ 1 ಲಕ್ಷ ಅಂತಲೂ ಹೇಳಿತ್ತು. ಆಕೆಗೆ ಎರಡೂ ಸಿಗಲಿಲ್ಲ, ರಿಪೋರ್ಟ್ ಇಲ್ಲವಲ್ಲ. ದೇಶದಲ್ಲಿ 2021ರ ಕೊನೆಗೆ ಅಧಿಕೃತ ಲೆಕ್ಕ ಸುಮಾರು 4.8 ಲಕ್ಷ ಸಾವು. ಆ ಎರಡು ವರ್ಷದಲ್ಲಿ 47 ಲಕ್ಷ ಹೆಚ್ಚುವರಿ ಸಾವು ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತು. ಕೇಂದ್ರ ಸರ್ಕಾರ ಆ ಲೆಕ್ಕದ ವಿಧಾನವನ್ನೇ ಒಪ್ಪಲಿಲ್ಲ. ಯಾವ ಅಂಕಿ ಸರಿ ಅನ್ನೋ ಜಗಳ ದೆಹಲಿ, ಜಿನೀವಾದಲ್ಲಿ ನಡೆಯಲಿ. ಆ ಎರಡು ಅಂಕಿಗಳ ನಡುವೆ ನಮ್ಮ ಬೀದಿಯ ಒಂದು ಮನೆ ಇದೆ, ಅಷ್ಟು ನನಗೆ ಗೊತ್ತು.

ಎಲ್ಲವೂ ಹೀಗೇ ಅಂದರೆ ಸುಳ್ಳಾಗುತ್ತದೆ. ಮದುವೆಗೆ 50 ಜನ ಅನ್ನೋ ನಿಯಮ ಹೋದ ಮರುದಿನವೇ ನಮ್ಮವರು 1,500 ಜನಕ್ಕೆ ಎಲೆ ಹಾಕಿದರು. ಆ ಮಾಮೂಲಿಗೆ ಯಾವ ಕ್ಯೂ ಕೂಡ ಇರಲಿಲ್ಲ. ಬಂಗಾರಪೇಟೆಯ ಪಾನಿಪೂರಿ ಗಾಡಿಗಳ ಮುಂದೆ ಮತ್ತೆ ಜನ ಮುತ್ತಿಕೊಂಡರು. ನಮ್ಮ ಪಾನಿ ನೀರಿನಷ್ಟೇ ತಿಳಿ, ಹಸಿರು ಬಣ್ಣ ಇರಲ್ಲ, ಖಾರ ಮಾತ್ರ ಕಣ್ಣಲ್ಲಿ ನೀರು ತರಿಸುತ್ತದೆ. ಗೊತ್ತಿಲ್ಲದವರು ಒಂದು ಸಲ ಬಂದು ನೋಡಿ. 2020ರ ಜೂನ್‌ನಲ್ಲಿ ಬಂದ ಸ್ವನಿಧಿ ಯೋಜನೆ ಬೀದಿ ವ್ಯಾಪಾರಿಗಳಿಗೆ 10,000 ರೂಪಾಯಿ ಸಾಲ ಕೊಟ್ಟಿತು, ಗಾಡಿಗಳಿಗೆ ಕ್ಯೂಆರ್ ಕೋಡ್ ಬಂತು. ದುಡ್ಡು ಮುಟ್ಟಿದರೆ ರೋಗ ಬರುತ್ತದೆ ಅಂತ ಶುರುವಾದ ಅಭ್ಯಾಸ ಚಿಲ್ಲರೆ ಜಗಳವನ್ನೇ ಮುಗಿಸಿತು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಜಿಎಸ್‌ಟಿ ನೋಟಿಸ್ ಬರತೊಡಗಿದಾಗ ಬೆಂಗಳೂರಿನ ಎಷ್ಟೋ ಅಂಗಡಿಗಳು "ಕ್ಯಾಶ್ ಮಾತ್ರ" ಅಂತ ಬೋರ್ಡ್ ಹಾಕಿದ್ದು ಬೇರೆ ಕತೆ.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಅನ್ನಿಸುವುದು ಒಂದೇ. ತುರ್ತು ಹೊತ್ತಿನಲ್ಲಿ ಏನನ್ನಾದರೂ ನಿಲ್ಲಿಸುವ ಆದೇಶದಲ್ಲೇ ಅದು ಯಾವತ್ತು ಮುಗಿಯುತ್ತದೆ ಅಂತ ಬರೆದಿರಬೇಕು. ಮುಂದುವರಿಸಬೇಕಾದರೆ ಮತ್ತೆ ಕಾರಣ ಕೊಟ್ಟು ಮುಂದುವರಿಸಲಿ. ಲಾಕ್‌ಡೌನ್‌ಗೆ ಹಾಗೇ ಮಾಡಿದ್ದರು: ಮೊದಲು 21 ದಿನ, ಆಮೇಲೆ ಇಷ್ಟು ದಿನ, ಮತ್ತೆ ಇಷ್ಟು ದಿನ. ಟಿಕೆಟ್ಟಿಗೆ, ರಿಯಾಯಿತಿಗೆ ಅಂಥ ದಿನಾಂಕ ಇರಲೇ ಇಲ್ಲ. ಕೊನೆ ದಿನಾಂಕ ಇಲ್ಲದ ಆದೇಶವನ್ನು ವಾಪಸ್ ತಗೋಬೇಕಾದರೆ ಯಾರಾದರೂ ಗಲಾಟೆ ಮಾಡಬೇಕು. ಸೊಪ್ಪಿನ ಅಕ್ಕ ಗಲಾಟೆ ಮಾಡೋಕೆ ಹೋದರೆ ಅವತ್ತಿನ ಸೊಪ್ಪು ಬಾಡುತ್ತದೆ.

ಆದೇಶವೇ ಇಲ್ಲದೆ ಹೋದವೂ ಇವೆ. ನಮ್ಮ ಅಮ್ಮನ ಊರಿಗೆ ಒಂದು ನೈಟ್ ಹಾಲ್ಟ್ ಬಸ್ ಇತ್ತು. ರಾತ್ರಿ ಎಂಟೂವರೆಗೆ ಬಂದು, ಅಲ್ಲೇ ಉಳಿದು, ಬೆಳಗ್ಗೆ ಆರಕ್ಕೆ ಹೊರಡುತ್ತಿತ್ತು. ಕೋಲಾರಕ್ಕೆ ಕಾಲೇಜಿಗೆ ಹೋಗುವವರು, ಹಾಲಿನ ಕ್ಯಾನಿನವರು, ಆಸ್ಪತ್ರೆಗೆ ಹೊರಟವರು ಅದನ್ನೇ ನಂಬಿದ್ದರು. 2020ರ ಮಾರ್ಚ್‌ನಲ್ಲಿ ಎಲ್ಲ ಬಸ್ಸಿನ ಜೊತೆ ಅದೂ ನಿಂತಿತು. ಬೇರೆಯವು ಬಂದವು, ಅದು ಬರಲಿಲ್ಲ. ರದ್ದಾಗಿದೆ ಅಂತ ಯಾರೂ ಹೇಳಲಿಲ್ಲ. ಕೇಳಿದಾಗಲೆಲ್ಲ "ಬರುತ್ತೆ, ಬರುತ್ತೆ" ಅಂತಾರೆ. ಡ್ರೈವರ್, ಕಂಡಕ್ಟರ್ ರಾತ್ರಿ ಮಲಗುತ್ತಿದ್ದ ಪಂಚಾಯ್ತಿ ಕೋಣೆಗೆ ಕೆಲವು ದಿನ ಬೀಗ ಇತ್ತು. ಈಗ ಅಲ್ಲಿ ಯಾರೋ ಟೊಮೆಟೊ ಕ್ರೇಟ್ ಜೋಡಿಸಿಟ್ಟಿದ್ದಾರೆ.